ಹಳೆಯ ವಾಚು ಮಾರುವ ಮುನ್ನ ಅದನ್ನು ಉಜ್ಜಬೇಡಿ

ಅಪ್ಪನ ಕಾಲದ ರೋಲೆಕ್ಸ್ ಅಥವಾ ಒಮೆಗಾ ವಾಚೊಂದು ಮನೆಯಲ್ಲಿದೆ, ಅದನ್ನು ಮಾರೋಣ ಅಂತ ತೀರ್ಮಾನವಾಯಿತು ಅನ್ನಿ. ಬಹಳ ಮನೆಗಳಲ್ಲಿ ಆಮೇಲೆ ಆಗುವುದು ಒಂದೇ. ಬೆಳಗಾವಿಯ ಖಡೇಬಜಾರಿಗೆ ಹೋಗಿ ರಿಪೇರಿ ಅಂಗಡಿಯಲ್ಲಿ, "ಕಾಕಾ, ಇದನ್ನ ಮಾರೂದೈತ್ರಿ, ಸ್ವಲ್ಪ ಹೊಸದರಂಗ ಮಾಡಿಕೊಡ್ರಿ" ಅನ್ನುವುದು. ಕಾಕಾ ಮನಸ್ಸಿಟ್ಟೇ ಕೆಲಸ ಮಾಡುತ್ತಾರೆ. ಕೇಸ್‌ಗೆ ಬಫಿಂಗ್ ಹೊಡೆದು ಫಳಫಳ ಹೊಳೆಸುತ್ತಾರೆ. ಬಣ್ಣ ಮಾಸಿದ ಡಯಲ್‌ಗೆ ಹೊಸ ಬಣ್ಣ ಹಾಕಿಸುತ್ತಾರೆ. ಮುಳ್ಳು ಬದಲಿಸುತ್ತಾರೆ. ವಾಚು ಕೈಗೆ ಬಂದಾಗ ಮನೆಮಂದಿಗೆಲ್ಲ ಖುಷಿ. ಆದರೆ ಅಪರೂಪದ ವಾಚಾಗಿದ್ದರೆ, ಅದರ ಬೆಲೆಯ ದೊಡ್ಡ ಪಾಲು ಆ ಅಂಗಡಿಯ ಕಸದ ಡಬ್ಬಿಗೆ ಹೋಗಿರುತ್ತದೆ.

ಸಂಗ್ರಾಹಕರು ಹೊಳಪಿಗೆ ದುಡ್ಡು ಕೊಡುವುದಿಲ್ಲ. ಪುರಾವೆಗೆ ಕೊಡುತ್ತಾರೆ. ಕಾರ್ಖಾನೆಯಿಂದ ಹೊರಬಂದಾಗ ಈ ವಾಚಿನಲ್ಲಿ ಏನಿತ್ತೋ ಅದೇ ಇವತ್ತೂ ಇದೆಯಾ? ಡಯಲ್ ಅದೇನಾ, ಮುಳ್ಳು ಅದೇನಾ, ಒಳಗಿನ ಮಷೀನು ಅದೇನಾ? ಯಾರ ಕೈಯಿಂದ ಯಾರ ಕೈಗೆ ಬಂತು? ಇವಕ್ಕೆ ಉತ್ತರ ಎಷ್ಟು ಗಟ್ಟಿಯೋ ಬೆಲೆ ಅಷ್ಟು ಗಟ್ಟಿ. ಹಾಗಾಗಿ ಮಾರುವವರ ಕೆಲಸವೆಂದರೆ ಇರುವ ಪುರಾವೆಯನ್ನು ಕಾಪಾಡುವುದು, ಒಂದು ಕಡೆ ಸೇರಿಸುವುದು, ಮುಚ್ಚಿಡದೆ ತೋರಿಸುವುದು.

ಮೊದಲಿಗೆ, ನಿಮ್ಮ ಹತ್ತಿರ ಇರುವುದು ಏನು?

ಬೆಳಗಾವಿ ಮರಾಠಾ ಲೈಟ್ ಇನ್‌ಫೆಂಟ್ರಿಯ ಊರು. ಸೈನ್ಯದಲ್ಲಿ ಇದ್ದವರ ಮನೆಗಳು, ಮುಂಬೈ ಜೊತೆ ವ್ಯಾಪಾರ ಮಾಡಿದ ಮನೆತನಗಳು, ಗಲ್ಫ್‌ಗೆ ದುಡಿಯಲು ಹೋಗಿ ಬಂದವರ ಮನೆಗಳು ಇಲ್ಲಿವೆ. ಕಪಾಟಿನಲ್ಲಿ ಹಳೆಯ ವಾಚು ಸಿಗುವುದು ಸಹಜ. ಆದರೆ ಹಳೆಯದೆಲ್ಲ ಅಪರೂಪ ಅಲ್ಲ. ಹೆಚ್ಚಿನ ಮನೆಗಳಲ್ಲಿ ಸಿಗುವುದು ಎಚ್‌ಎಂಟಿ, ವೆಸ್ಟ್ ಎಂಡ್, ಫೇವರ್ ಲ್ಯೂಬಾ. ಎಚ್‌ಎಂಟಿ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ಮಾಡಲು ಶುರುಮಾಡಿತು, ಲಕ್ಷ ಲಕ್ಷ ಸಂಖ್ಯೆಯಲ್ಲಿ ಮಾಡಿತು. ಇವುಗಳನ್ನು ಪ್ರೀತಿಯಿಂದ ಕೂಡಿಡುವವರು ಬೇಕಾದಷ್ಟು ಜನ ಇದ್ದಾರೆ. ಆದರೂ ಬಹುಪಾಲು ಮಾದರಿಗಳಿಗೆ ಲಕ್ಷಗಟ್ಟಲೆ ಬೆಲೆ ನಿರೀಕ್ಷಿಸಬೇಡಿ. ಇವುಗಳಲ್ಲೂ ಕೆಲವು ಬೇರೆ ಸಾಲಿನವು. ಫೇವರ್ ಲ್ಯೂಬಾದ ಬಿವುವಾಕ್ 1962ರಲ್ಲಿ ಬಂತು. ಗಾಳಿಯ ಒತ್ತಡ ಅಳೆದು ಎಷ್ಟು ಎತ್ತರದಲ್ಲಿದ್ದೀರಿ ಅಂತ ತೋರಿಸುವ ಕೈಗಡಿಯಾರ ಅದು. ಅಂಥದು ಮೂಲ ಡಯಲ್ ಸಮೇತ ಸಿಕ್ಕರೆ ಸಂಗ್ರಾಹಕರು ತಾವಾಗಿಯೇ ಹುಡುಕಿಕೊಂಡು ಬರುತ್ತಾರೆ.

ದೊಡ್ಡ ಹೆಸರುಗಳಲ್ಲಿ ಸಂಗ್ರಾಹಕರು ಹೆಚ್ಚು ಕೇಳುವುದು ರೋಲೆಕ್ಸ್‌ನ ಸಬ್‌ಮರೀನರ್, ಜಿಎಂಟಿ ಮಾಸ್ಟರ್, ಡೇಟೋನಾದ ಹಳೆಯ ಮಾದರಿಗಳು, ಒಮೆಗಾ ಸ್ಪೀಡ್‌ಮಾಸ್ಟರ್‌ನ ಆರಂಭದ ವರ್ಷಗಳ ವಾಚುಗಳು ಮತ್ತು ಪಟೇಕ್ ಫಿಲಿಪ್. ಬರೀ ಹೆಸರು ಸಾಕಾಗುವುದಿಲ್ಲ, ಮಾದರಿ ಸಂಖ್ಯೆ ಬೇಕು. ಹಳೆಯ ರೋಲೆಕ್ಸ್‌ಗಳಲ್ಲಿ ಪಟ್ಟಿ ಸಿಕ್ಕಿಸುವ ಜಾಗದಲ್ಲಿ, 12ರ ಕಡೆ ಮಾದರಿ ಸಂಖ್ಯೆ ಮತ್ತು 6ರ ಕಡೆ ಸೀರಿಯಲ್ ಸಂಖ್ಯೆ ಕೊರೆದಿರುತ್ತದೆ. ಪಟ್ಟಿ ಬಿಚ್ಚಿದರೆ ಮಾತ್ರ ಕಾಣುತ್ತದೆ. ಚಾಕುವಿನ ತುದಿ ಹಾಕಿ ಬಿಚ್ಚಲು ಹೋಗಬೇಡಿ, ಗೀರು ಬೀಳುತ್ತದೆ. ಸರಿಯಾದ ಟೂಲ್ ಇರುವವರ ಕೈಯಲ್ಲಿ, ನಿಮ್ಮ ಎದುರಿಗೇ ಬಿಚ್ಚಿಸಿ, ಫೋಟೋ ತೆಗೆದುಕೊಂಡು ಹಾಗೇ ಹಾಕಿಸಿ. ಸೀರಿಯಲ್ ಸಂಖ್ಯೆಯಿಂದ ವಾಚು ಸುಮಾರು ಯಾವ ವರ್ಷದ್ದು ಅನ್ನುವ ಅಂದಾಜು ಸಿಗುತ್ತದೆ. ಉದಾಹರಣೆಗೆ ಜಿಎಂಟಿ ಮಾಸ್ಟರ್‌ನ 1675 ಅನ್ನುವ ಮಾದರಿ 1959ರಿಂದ ಸುಮಾರು 1980ರವರೆಗೆ ತಯಾರಾಯಿತು. ಸೀರಿಯಲ್ ಹೇಳುವ ವರ್ಷ ಈ ಅವಧಿಯ ಒಳಗೆ ಬೀಳದಿದ್ದರೆ ಏನೋ ಹೊಂದುತ್ತಿಲ್ಲ ಅಂತಲೇ ಅರ್ಥ.

ಚಿನ್ನದ ವಾಚು ಇರುವವರಿಗೆ ಒಂದು ಮಾತು. ಶಹಾಪುರದ ಸರಾಫರ ಹತ್ತಿರ ಒಯ್ದರೆ ಅವರು ತೂಕ ಹಾಕಿ ಚಿನ್ನದ ದರ ಹೇಳುತ್ತಾರೆ, ಅದು ಅವರ ವ್ಯವಹಾರ. ಆ ದರವನ್ನು ತಿಳಿದುಕೊಂಡು ಬನ್ನಿ, ಯಾಕಂದರೆ ಅದಕ್ಕಿಂತ ಕಡಿಮೆಗೆ ನೀವು ಮಾರಬೇಕಿಲ್ಲ. ಆದರೆ ಮಾದರಿ ಯಾವುದು ಅಂತ ತಿಳಿಯುವ ಮೊದಲೇ ಕರಗಿಸಲು ಕೊಟ್ಟುಬಿಡಬೇಡಿ.

ಡಯಲ್‌ನಲ್ಲೇ ಬೆಲೆಯ ಬಹುಪಾಲು

ಹಳೆಯ ವಾಚಿನ ಬೆಲೆಯಲ್ಲಿ ಅತಿ ದೊಡ್ಡ ಪಾಲು ಡಯಲ್‌ನದು. ಅದೂ ಮೂಲ ಡಯಲ್ ಆಗಿದ್ದರೆ ಮಾತ್ರ. ನಮ್ಮ ದೇಶದಿಂದ ಹೊರಟ ವಾಚು ಅಂದರೆ ಹೊರದೇಶದ ಸಂಗ್ರಾಹಕರು ಮೊದಲು ಅನುಮಾನದಿಂದಲೇ ನೋಡುತ್ತಾರೆ. ಇಲ್ಲಿ ಹಳೆಯ ಡಯಲ್‌ಗೆ ಬಣ್ಣ ಬಳಿದು ಮರುಮುದ್ರಿಸುವುದು ದೊಡ್ಡ ಉದ್ಯಮವೇ ಆಗಿದೆ. ಅಂಥ ವಾಚುಗಳಿಗೆ 'ಮುಂಬೈ ಸ್ಪೆಷಲ್' ಅನ್ನುವ ಹೆಸರೇ ಬಿದ್ದಿದೆ. ಕೇಸರಿ, ಹಸಿರು, ನೀಲಿ ಬಣ್ಣದಲ್ಲಿ ಮಿರುಗುವ ಹಳೆಯ ಫೇವರ್ ಲ್ಯೂಬಾ ಕಡಿಮೆ ದರಕ್ಕೆ ಸಿಗುತ್ತಿದ್ದರೆ ಅದು ಬಹುತೇಕ ಅದೇ. ಹೀಗಿರುವಾಗ, ಕಲೆ ಬಿದ್ದಿದ್ದರೂ ಯಾರೂ ಮುಟ್ಟದ ಡಯಲ್ ನಮ್ಮ ಕಡೆಯಿಂದ ಬಂದರೆ ಅದಕ್ಕೆ ಎಷ್ಟು ಬೆಲೆ ಅಂತ ಯೋಚಿಸಿ.

ಮರುಬಣ್ಣದ ಡಯಲ್ ಗುರುತಿಸಲು ಒಂದು ಒಳ್ಳೆಯ ಭೂತಗನ್ನಡಿ ಸಾಕು. ಮೂಲ ಮುದ್ರಣದಲ್ಲಿ ಅಕ್ಷರದ ಅಂಚು ಚೂಪಾಗಿರುತ್ತದೆ, ಅಕ್ಷರಗಳ ನಡುವಿನ ಅಂತರ ಒಂದೇ ಸಮ ಇರುತ್ತದೆ. ಮರುಮುದ್ರಣದಲ್ಲಿ ಶಾಯಿ ಹರಡಿದಂತೆ ಕಾಣುತ್ತದೆ, ನಿಮಿಷದ ಗೆರೆಗಳು ಗಂಟೆಯ ಗುರುತಿಗೆ ನೇರವಾಗಿ ಕೂರುವುದಿಲ್ಲ. ತಳದಲ್ಲಿ 6ರ ಕೆಳಗೆ ಇರಬೇಕಾದ 'ಸ್ವಿಸ್' ಅನ್ನುವ ಸಣ್ಣ ಬರಹ ಎಷ್ಟೋ ಸಲ ಮಾಯವಾಗಿರುತ್ತದೆ.

ಕತ್ತಲಲ್ಲಿ ಹೊಳೆಯುವ ಪುಡಿಯೂ ಒಂದು ಸಾಕ್ಷಿ. ನಾವೆಲ್ಲ ಅದನ್ನು 'ರೇಡಿಯಂ' ಅಂತಲೇ ಕರೆಯುತ್ತೇವೆ. ನಿಜವಾದ ರೇಡಿಯಂ ಬಳಕೆಯಲ್ಲಿದ್ದದ್ದು ಸುಮಾರು 1960ರ ದಶಕದ ಆರಂಭದವರೆಗೆ. ಆಮೇಲೆ ಟ್ರಿಟಿಯಂ ಬಂತು. 1990ರ ದಶಕದ ಕೊನೆಯ ಹೊತ್ತಿಗೆ ಅದೂ ಹೋಗಿ ವಿಕಿರಣವಿಲ್ಲದ ಪುಡಿ ಬಂತು. ಟ್ರಿಟಿಯಂನ ಶಕ್ತಿ ಪ್ರತಿ 12 ವರ್ಷ ಚಿಲ್ಲರೆಗೆ ಅರ್ಧಕ್ಕೆ ಇಳಿಯುತ್ತದೆ. ಹಾಗಾಗಿ 1970ರ ವಾಚು ಇವತ್ತು ಕತ್ತಲಲ್ಲಿ ಹೆಚ್ಚುಕಡಿಮೆ ಸುಮ್ನೆ ಇರಬೇಕು. ಅದು ರಾತ್ರಿಯಿಡೀ ಹಸಿರಾಗಿ ಬೆಳಗುತ್ತಿದ್ದರೆ ಡಯಲ್ ಬದಲಾಗಿದೆ ಅಥವಾ ಪುಡಿ ಹೊಸದಾಗಿ ತುಂಬಿದ್ದಾರೆ. ಕೆನೆ ಬಣ್ಣಕ್ಕೆ ಅಥವಾ ಜೇನಿನ ಬಣ್ಣಕ್ಕೆ ತಿರುಗಿದ ಹಳೆಯ ಪುಡಿಯನ್ನು ಸಂಗ್ರಾಹಕರು ಇಷ್ಟಪಡುತ್ತಾರೆ. ಡಯಲ್ ಮತ್ತು ಮುಳ್ಳು ಎರಡರಲ್ಲೂ ಬಣ್ಣ ಒಂದೇ ಥರ ಮಾಗಿದ್ದರೆ ಇನ್ನೂ ಒಳ್ಳೆಯದು.

ಇಲ್ಲಿ ಆರೋಗ್ಯದ ವಿಷಯವೂ ಇದೆ, ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ರೇಡಿಯಂನ ವಿಕಿರಣ ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಹೊಳೆಯುವುದು ನಿಂತಿರುತ್ತದೆ, ವಿಕಿರಣ ನಿಂತಿರುವುದಿಲ್ಲ. 1960ರ ದಶಕದ ಆರಂಭದ ಅಥವಾ ಅದಕ್ಕೂ ಹಳೆಯ ವಾಚನ್ನು ಮನೆಯಲ್ಲಿ ಬಿಚ್ಚಿ ಆ ಪುಡಿಯನ್ನು ಕೆರೆಯಬೇಡಿ. ಆ ಧೂಳು ಉಸಿರಿನೊಳಗೆ ಹೋಗಬಾರದು.

ಕೇಸ್ ಪಾಲಿಶ್ ಮಾಡಿಸುವುದು ಯಾಕೆ ತಪ್ಪು? ಚೂರಿಯನ್ನು ಸಾಣೆ ಹಿಡಿದ ಹಾಗೆ, ಪ್ರತಿ ಬಫಿಂಗ್‌ನಲ್ಲಿ ಒಂದಿಷ್ಟು ಲೋಹ ಹೋಗುತ್ತದೆ. ಪಟ್ಟಿ ಸಿಕ್ಕಿಸುವ ಕೊಂಬುಗಳು ತೆಳ್ಳಗಾಗುತ್ತವೆ, ಚೂಪಾದ ಅಂಚುಗಳು ಉರುಟಾಗುತ್ತವೆ, ಕೊರೆದ ಅಕ್ಷರ ಮಾಸುತ್ತದೆ. ಹೋದ ಲೋಹ ಮತ್ತೆ ಬರುವುದಿಲ್ಲ. ಗೀರು ಬಿದ್ದ, ಆದರೆ ದಪ್ಪ ಅಂಚಿನ ಕೇಸ್‌ಗೆ ಹೊಳೆಯುವ ತೆಳ್ಳನೆ ಕೇಸ್‌ಗಿಂತ ಜಾಸ್ತಿ ಬೆಲೆ. ಜಿಎಂಟಿ ಮಾಸ್ಟರ್‌ನ ಕೆಂಪು ನೀಲಿ ಅಂಚುಪಟ್ಟಿ (ಡಯಲ್ ಸುತ್ತಲಿನ ಅಂಕಿಗಳ ಬಳೆ, ಬೆಜೆಲ್) ಬಿಸಿಲಿಗೆ ಮಾಸಿ ತಿಳಿ ಗುಲಾಬಿ, ಬೂದು ಬಣ್ಣಕ್ಕೆ ತಿರುಗಿದ್ದರೆ ಅದನ್ನೂ ಬದಲಿಸಬೇಡಿ. ಒಮೆಗಾ ಸ್ಪೀಡ್‌ಮಾಸ್ಟರ್‌ನಲ್ಲಂತೂ ಅಂಚುಪಟ್ಟಿಯ ಒಂದು ಚುಕ್ಕೆಗೆ ಬೆಲೆಯಿದೆ. ಸುಮಾರು 1970ರವರೆಗಿನ ಅಂಚುಪಟ್ಟಿಗಳಲ್ಲಿ 90 ಅನ್ನುವ ಅಂಕಿಯ ತಲೆಯ ಮೇಲೆ ಚುಕ್ಕೆ ಇದೆ, ಆಮೇಲಿನವುಗಳಲ್ಲಿ ಪಕ್ಕದಲ್ಲಿದೆ. ಇದು ಗೊತ್ತಿಲ್ಲದೆ ಹಳೆಯ ಅಂಚುಪಟ್ಟಿಯನ್ನು ಎಸೆದು ಹೊಸದು ಹಾಕಿಸಿಕೊಂಡರೆ ಆಗುವ ನಷ್ಟ ಸಣ್ಣದಲ್ಲ.

ಸರ್ವಿಸ್ ಮಾಡಿಸಬೇಕಾ? ಮಾರಾಟಕ್ಕಾಗಿ ಅಂತಲೇ ಆದರೆ ಬೇಡ ಅನ್ನುತ್ತೇನೆ. ಅಪರೂಪದ ವಾಚು ಕೊಳ್ಳುವವರಿಗೆ ತಮ್ಮದೇ ನಂಬಿಕೆಯ ಕಾರಿಗರು ಇರುತ್ತಾರೆ. ಎಣ್ಣೆ ಒಣಗಿದ ಮಷೀನನ್ನು ದಿನವೂ ಕೀ ಕೊಟ್ಟು ಓಡಿಸಿದರೆ ಒಳಭಾಗ ಸವೆಯುತ್ತದೆ, ಅದಕ್ಕೆ ಸುಮ್ನೆ ಇಡುವುದೇ ಮೇಲು. ಮಾಡಿಸಲೇಬೇಕಾಗಿ ಬಂದರೆ ಪಾಲಿಶ್ ಬೇಡ, ಡಯಲ್, ಮುಳ್ಳು, ಅಂಚುಪಟ್ಟಿ ಬದಲಿಸಬೇಡಿ, ತೆಗೆದ ಪ್ರತಿ ಹಳೆಯ ಭಾಗವನ್ನೂ ವಾಪಸ್ ಕೊಡಿ ಅಂತ ರಸೀದಿಯ ಮೇಲೆ ಬರೆಸಿಕೊಳ್ಳಿ. ಕಂಪನಿಯ ಸರ್ವಿಸ್ ಸೆಂಟರ್‌ನಲ್ಲೂ ಹೀಗೆಯೇ ಹೇಳಿ. ವಾಚು ಚೆನ್ನಾಗಿ ಓಡಬೇಕು ಅನ್ನುವುದು ಅಲ್ಲಿನವರ ಗುರಿ, ಹಾಗಾಗಿ ಹಳೆಯ ಡಯಲ್ ತೆಗೆದು ಹೊಸದು ಹಾಕಿಬಿಡುವ ಸಾಧ್ಯತೆ ಅಲ್ಲೂ ಇದೆ. ಇನ್ನು, ಬೆಳಗಾವಿಯ ಮಳೆಗಾಲ ಎಂಥದ್ದು ಅಂತ ನಿಮಗೆ ಗೊತ್ತೇ ಇದೆ. ವಾಚನ್ನು ತೇವ ಹಿಡಿಯದ ಜಾಗದಲ್ಲಿ, ಸಿಲಿಕಾ ಜೆಲ್ ಪುಡಿಕೆ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಕಾಗದ, ಫೋಟೋ, ಕತೆ

2017ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಫಿಲಿಪ್ಸ್ ಹರಾಜಿನಲ್ಲಿ ಒಂದು ರೋಲೆಕ್ಸ್ ಡೇಟೋನಾ 1 ಕೋಟಿ 77 ಲಕ್ಷ ಡಾಲರ್‌ಗೂ ಹೆಚ್ಚಿನ ಬೆಲೆಗೆ ಹೋಯಿತು. ಉಕ್ಕಿನ ಕೇಸ್, 6239 ಅನ್ನುವ ಮಾದರಿ. ಅದು ನಟ ಪಾಲ್ ನ್ಯೂಮನ್ ಅವರ ಸ್ವಂತ ವಾಚು. ಪತ್ನಿ ಜೋಆನ್ ವುಡ್‌ವರ್ಡ್ ಕೊಟ್ಟದ್ದು, ಹಿಂಬದಿಯಲ್ಲಿ 'ಜೋಪಾನವಾಗಿ ಗಾಡಿ ಓಡಿಸು' ಅನ್ನುವ ಅರ್ಥದ ಮಾತು ಕೊರೆಸಿದ್ದರು. ಅದೇ ಮಾದರಿಯ, ಅದೇ ಥರದ ಡಯಲ್‌ನ ಬೇರೆ ವಾಚುಗಳೂ ದುಬಾರಿಯೇ, ಆದರೆ ಈ ಬೆಲೆಯ ಹತ್ತಿರಕ್ಕೂ ಬರುವುದಿಲ್ಲ. ಆ ವ್ಯತ್ಯಾಸವೆಲ್ಲ ವಾಚು ಯಾರದ್ದಾಗಿತ್ತು ಅನ್ನುವುದಕ್ಕೆ, ಅದಕ್ಕಿದ್ದ ಪುರಾವೆಗೆ ಕೊಟ್ಟ ಬೆಲೆ.

ನಮ್ಮ ಮನೆಯ ಹಿರಿಯರು ಸಿನಿಮಾ ನಟರಲ್ಲದಿರಬಹುದು. ಆದರೂ ಮೊದಲ ದಿನದಿಂದ ಒಂದೇ ಕುಟುಂಬದಲ್ಲಿದ್ದ ವಾಚು ಅಂತ ತೋರಿಸಲು ಸಾಧ್ಯವಾದರೆ ಸಂಗ್ರಾಹಕರಿಗೆ ಅದು ದೊಡ್ಡ ಮಾತು. ಹಳೆಯ ಟ್ರಂಕು, ಕಡತ, ಅಲ್ಬಮ್ ಎಲ್ಲ ತೆಗೆಯಿರಿ. ಮುಂಬೈಯ ಅಥವಾ ಮಸ್ಕತ್‌ನ ಅಂಗಡಿಯ ಬಿಲ್ಲು, ಗ್ಯಾರಂಟಿ ಕಾರ್ಡು, ವಾಚು ಬಂದ ಡಬ್ಬಿ, ಬಿಚ್ಚಿಟ್ಟ ಕೊಂಡಿಗಳು, ಹಳೆಯ ಸರ್ವಿಸ್ ಚೀಟಿ ಯಾವುದನ್ನೂ ಎಸೆಯಬೇಡಿ. ಅಜ್ಜನ ಕೈಯಲ್ಲಿ ಅದೇ ವಾಚು ಕಾಣುವ ಹಳೆಯ ಕಪ್ಪುಬಿಳುಪು ಫೋಟೋ ಸಿಕ್ಕರೆ ಅದೂ ದಾಖಲೆಯೇ. ಹಿಂಬದಿಯಲ್ಲಿ ಹೆಸರು, ರೆಜಿಮೆಂಟು, ನಿವೃತ್ತಿಯ ತಾರೀಕು ಕೊರೆದಿದ್ದರೆ ಅಳಿಸಬೇಡಿ. ಎಷ್ಟೋ ಜನ ಅದನ್ನು ಕುಂದು ಅಂದುಕೊಂಡು ಉಜ್ಜಿಸುತ್ತಾರೆ. ಪಿಂಚಣಿ ಪುಸ್ತಕದ ಹೆಸರೂ ಆ ಕೊರೆತದ ಹೆಸರೂ ಒಂದೇ ಆಗಿದ್ದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಇನ್ನೇನು ಬೇಕು?

ಗಲ್ಫ್‌ನಿಂದ ಬಂದ ವಾಚುಗಳಲ್ಲಿ ಇನ್ನೊಂದು ವಿಶೇಷ ಉಂಟು. ಅಲ್ಲಿನ ಆಡಳಿತಗಾರರು ಉಡುಗೊರೆ ಕೊಡಲೆಂದು ಮಾಡಿಸಿದ ಕೆಲವು ರೋಲೆಕ್ಸ್‌ಗಳ ಡಯಲ್ ಮೇಲೆ ರಾಜಲಾಂಛನ ಇರುತ್ತದೆ. ಒಮಾನ್‌ನ ಖಂಜರ್ (ಬಾಗಿದ ಕಠಾರಿ) ಗುರುತು ಇವುಗಳಲ್ಲಿ ಪ್ರಸಿದ್ಧ. ಇಂಥವಕ್ಕೆ ಬೆಲೆ ಬಹಳ, ಅದಕ್ಕೇ ನಕಲಿಯೂ ಬಹಳ. ವಾಚನ್ನು ಪಡೆದವರು ಅಲ್ಲಿ ಯಾವ ಕೆಲಸದಲ್ಲಿದ್ದರು ಅನ್ನುವ ಕಾಗದ ಇಲ್ಲಿ ಬಹಳ ಮುಖ್ಯವಾಗುತ್ತದೆ.

ಕಂಪನಿಯಿಂದಲೇ ದಾಖಲೆ ಪಡೆಯಬಹುದಾ? ಪಟೇಕ್ ಫಿಲಿಪ್, ಲಾಂಜೀನ್ ಮುಂತಾದ ಕಂಪನಿಗಳು ತಮ್ಮ ಹಳೆಯ ರಿಜಿಸ್ಟರ್ ನೋಡಿ ಆ ವಾಚಿನ ವಿವರ ಬರೆದುಕೊಡುತ್ತವೆ. ರೋಲೆಕ್ಸ್ ಕೊಡುವುದಿಲ್ಲ. ಕೊಟ್ಟ ದಾಖಲೆಯೂ ಕೊನೆಯ ಮಾತಲ್ಲ. 2021ರಲ್ಲಿ ಜಿನೀವಾದಲ್ಲಿ ಒಂದು 1957ರ ಒಮೆಗಾ ಸ್ಪೀಡ್‌ಮಾಸ್ಟರ್ 31 ಲಕ್ಷ ಸ್ವಿಸ್ ಫ್ರಾಂಕ್‌ಗೂ ಜಾಸ್ತಿ ಬೆಲೆಗೆ ಮಾರಾಟವಾಯಿತು. ಕೊಂಡದ್ದು ಒಮೆಗಾ ಕಂಪನಿಯೇ, ತನ್ನ ಮ್ಯೂಸಿಯಂಗಾಗಿ. 2023ರಲ್ಲಿ ಗೊತ್ತಾದದ್ದೇನೆಂದರೆ, ಅದು ಬೇರೆ ಬೇರೆ ವಾಚುಗಳ ಭಾಗ ಸೇರಿಸಿ ಕಟ್ಟಿದ ಜೋಡಣೆ ವಾಚು. ಕಂಪನಿಯ ಹಳೆಯ ನೌಕರರೇ ಇದರಲ್ಲಿ ಸೇರಿದ್ದರು ಅಂತ ಒಮೆಗಾ ಹೇಳಿತು. ಇದಾದ ಮೇಲೆ ಕೊಳ್ಳುವವರು ಮೊದಲಿಗಿಂತ ಜಾಸ್ತಿ ಪ್ರಶ್ನೆ ಕೇಳುತ್ತಾರೆ. ಅದನ್ನು ಅವಮಾನ ಅಂತ ತಿಳಿಯಬೇಡಿ. ಗೊತ್ತಿರುವುದನ್ನು ಹೇಳಿ, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನಿ. 'ಮುಳ್ಳು ಯಾವಾಗಲೋ ಬದಲಾಗಿರಬಹುದು' ಅಂತ ಮಾರುವವರೇ ಹೇಳಿದರೆ ಕೊಳ್ಳುವವರಿಗೆ ಉಳಿದ ಮಾತಿನ ಮೇಲೆ ನಂಬಿಕೆ ಬರುತ್ತದೆ.

ಫೋಟೋಗಳನ್ನು ಬೆಳಗಿನ ಹೊತ್ತು ಕಿಟಕಿಯ ಪಕ್ಕ ತೆಗೆಯಿರಿ. ಫಿಲ್ಟರ್ ಬೇಡ. ಮುಂದೆ, ಹಿಂದೆ, ನಾಲ್ಕೂ ಕೊಂಬು, ಪಟ್ಟಿಯ ಕೊಂಡಿ, ಎಲ್ಲ ಗೀರು, ಎಲ್ಲ ಕಲೆ ಕಾಣಬೇಕು. ಒಳಗಿನ ಮಷೀನಿನ ಫೋಟೋ ಇಲ್ಲದೆ ದೊಡ್ಡ ಸಂಗ್ರಾಹಕರು ಮಾತೇ ಮುಂದುವರಿಸುವುದಿಲ್ಲ. ಸೀರಿಯಲ್ ಸಂಖ್ಯೆಯ ಕೊನೆಯ ಮೂರು ಅಂಕಿ ಮುಚ್ಚಿ ತೋರಿಸಿ. ಪೂರ್ತಿ ಸಂಖ್ಯೆ ಸಿಕ್ಕರೆ ಅದನ್ನು ನಕಲಿ ವಾಚಿಗೆ ಕೊರೆಯುವವರಿದ್ದಾರೆ. ನಿಜವಾಗಿ ಕೊಳ್ಳಲು ಬಂದವರಿಗೆ ಪೂರ್ತಿ ಸಂಖ್ಯೆ ಕೊಡಿ, ಅದು ಕಳವಿನ ಪಟ್ಟಿಯಲ್ಲಿಲ್ಲ ಅಂತ ಅವರು ನೋಡಿಕೊಳ್ಳಬೇಕಾಗುತ್ತದೆ.

ಬೆಲೆ ಒಂದಲ್ಲ, ಮೂರು

ಒಂದೇ ವಾಚಿಗೆ ಒಂದೇ ದಿನ ಮೂರು ಬೆಲೆ ಇರುತ್ತದೆ. ವ್ಯಾಪಾರಿ ಇವತ್ತೇ ಕೊಡುವ ಬೆಲೆ ಎಲ್ಲಕ್ಕಿಂತ ಕಡಿಮೆ, ಯಾಕಂದರೆ ಅವರು ಬಂಡವಾಳ ಹಾಕಿ, ಗ್ಯಾರಂಟಿ ಕೊಟ್ಟು, ಗಿರಾಕಿಗೆ ಕಾಯಬೇಕು. ಸಂಗ್ರಾಹಕ ನೇರವಾಗಿ ಕೊಡುವುದು ಅದಕ್ಕಿಂತ ಮೇಲೆ. ಅಂತರ್ಜಾಲದ ಮಾರುಕಟ್ಟೆಯಲ್ಲಿ ಕಾಣುವುದು ಮೂರನೆಯದು, ಅದು ಮಾರುವವರ ಆಸೆಯ ಬೆಲೆ. ಅದನ್ನು ನೋಡಿ ಮನಸ್ಸಿನಲ್ಲೇ ಮನೆ ಕಟ್ಟಬೇಡಿ. ನಿಜವಾಗಿ ಮಾರಾಟವಾದ ಬೆಲೆ ನೋಡಬೇಕೆಂದರೆ ಹರಾಜು ಸಂಸ್ಥೆಗಳು ಪ್ರಕಟಿಸುವ ಫಲಿತಾಂಶ ನೋಡಿ. ಅದೂ ನಿಮ್ಮ ಮಾದರಿ, ನಿಮ್ಮ ಡಯಲ್, ನಿಮ್ಮ ವಾಚಿನ ಸ್ಥಿತಿಗೆ ಹೊಂದುವಂಥದ್ದು, ಈಚಿನದ್ದು. 2022ರ ಆರಂಭದಲ್ಲಿ ಆಕಾಶಕ್ಕೇರಿದ್ದ ಬೆಲೆಗಳು ಆಮೇಲೆ ಚೆನ್ನಾಗಿಯೇ ಇಳಿದವು.

ಹರಾಜಿನ ಲೆಕ್ಕ ಹಲವರಿಗೆ ಗೊಂದಲ. ಸುತ್ತಿಗೆ ಬಿದ್ದದ್ದು 10 ಲಕ್ಷಕ್ಕೆ ಅನ್ನಿ. ಕೊಳ್ಳುವವರಿಂದ ಸಂಸ್ಥೆ ಅದರ ಮೇಲೆ 20% ತೆಗೆದುಕೊಂಡರೆ ಅವರು ಕೊಡುವುದು 12 ಲಕ್ಷ. ಮಾರುವವರಿಂದ 10% ಹಿಡಿದರೆ ನಿಮ್ಮ ಕೈಗೆ ಬರುವುದು 9 ಲಕ್ಷ. ಪತ್ರಿಕೆಯಲ್ಲಿ ಬರುವುದು ಸಾಮಾನ್ಯವಾಗಿ 12 ಲಕ್ಷದ ಅಂಕಿ. ಶೇಕಡಾವಾರು ಸಂಸ್ಥೆಯಿಂದ ಸಂಸ್ಥೆಗೆ ಬೇರೆ. ಇದಕ್ಕಿಂತ ಕಡಿಮೆಗೆ ಕೊಡಬಾರದು ಅನ್ನುವ ಕನಿಷ್ಠ ಬೆಲೆಯನ್ನೂ, ಮಾರಾಟವಾಗದಿದ್ದರೆ ಯಾರು ಏನು ಕೊಡಬೇಕು ಅನ್ನುವುದನ್ನೂ ಮೊದಲೇ ಕಾಗದದ ಮೇಲೆ ತನ್ನಿ. ನಿಜಕ್ಕೂ ಅಪರೂಪವಾಗಿದ್ದರೆ ಹರಾಜೇ ಸರಿ, ಇಬ್ಬರು ಹಟಕ್ಕೆ ಬಿದ್ದರೆ ಬೆಲೆ ಎಲ್ಲಿಗೋ ಹೋಗುತ್ತದೆ. ಅಷ್ಟು ಅಪರೂಪವಲ್ಲದ, ಆದರೆ ಒಳ್ಳೆಯ ವಾಚಾಗಿದ್ದರೆ ಸಂಗ್ರಾಹಕರಿಗೆ ನೇರವಾಗಿ ಕೊಡುವುದು ನನ್ನ ಆಯ್ಕೆ. ತಡವಾಗುತ್ತದೆ, ಹತ್ತು ಜನರ ಜೊತೆ ಮಾತಾಡಬೇಕಾಗುತ್ತದೆ, ಆದರೆ ವಾಚು ಅದನ್ನು ಬಲ್ಲವರ ಕೈಗೆ ಹೋಗುತ್ತದೆ. ಹೆಚ್ಚಿನ ಗಿರಾಕಿಗಳು ಮುಂಬೈ, ಪುಣೆ, ಬೆಂಗಳೂರಿನಲ್ಲಿ ಸಿಗುತ್ತಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ನಲ್ಲಿ ರಾತ್ರಿ ಹೊರಟರೆ ಬೆಳಿಗ್ಗೆ ಬೆಂಗಳೂರಿನಲ್ಲಿರುತ್ತೀರಿ. ಅಂಚೆ, ಕೊರಿಯರ್‌ಗಿಂತ ಸ್ವತಃ ಒಯ್ದು ತೋರಿಸುವುದೇ ನಿಶ್ಚಿಂತೆ.

ಕೈ ಬದಲಾಗುವ ಹೊತ್ತು

ವಾಚು ನಿಮ್ಮದೇನಾ? ಅಪ್ಪ ಉಯಿಲು ಬರೆಯದೆ ತೀರಿಕೊಂಡಿದ್ದರೆ ವಾಚಿನಲ್ಲಿ ಅವ್ವನಿಗೂ, ಅಣ್ಣ ತಮ್ಮಂದಿರಿಗೂ, ಮದುವೆಯಾಗಿ ಹೋದ ಅಕ್ಕ ತಂಗಿಯರಿಗೂ ಪಾಲಿದೆ. ಎಲ್ಲರ ಒಪ್ಪಿಗೆಯನ್ನು ಒಂದು ಹಾಳೆಯ ಮೇಲೆ ಸಹಿ ಮಾಡಿಸಿಟ್ಟುಕೊಳ್ಳಿ. ಸಾವಿರದ ಮಾತಿದ್ದಾಗ ಯಾರೂ ಕೇಳುವುದಿಲ್ಲ, ಲಕ್ಷದ ಮಾತು ಬಂದಾಗ ಎಲ್ಲರಿಗೂ ನೆನಪಾಗುತ್ತದೆ ಅಲ್ವಾ?

ನಗದು ಬೇಡ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ತಡೆಯುತ್ತದೆ, ಪಡೆದಷ್ಟೇ ಮೊತ್ತದ ದಂಡ ಬೀಳಬಹುದು. ದಂಡ ಬೀಳುವುದು ಪಡೆದವರ ಮೇಲೆ, ಅಂದರೆ ನಿಮ್ಮ ಮೇಲೆ. ಸ್ವಂತ ಬಳಕೆಯ ವಸ್ತು ಮಾರಿದರೆ ಸಾಮಾನ್ಯವಾಗಿ ಬಂಡವಾಳ ಲಾಭದ ತೆರಿಗೆ ಬರುವುದಿಲ್ಲ, ಆದರೆ ಆಭರಣಕ್ಕೆ ಈ ರಿಯಾಯಿತಿ ಇಲ್ಲ. ಚಿನ್ನದ ಅಥವಾ ವಜ್ರ ಕೂರಿಸಿದ ವಾಚು ಯಾವ ಕಡೆ ಬೀಳುತ್ತದೆ ಅನ್ನುವುದನ್ನು ಮಾರುವ ಮೊದಲೇ ನಿಮ್ಮ ಸಿಎ ಹತ್ತಿರ ಕೇಳಿ. ವಿದೇಶದಿಂದ ಬಂದ ವಾಚಾದರೆ ಕಸ್ಟಮ್ಸ್ ರಸೀದಿ ಇದೆಯಾ ಅಂತ ಕೊಳ್ಳುವವರು ಕೇಳಬಹುದು. 100 ವರ್ಷ ದಾಟಿದ, ಇತಿಹಾಸದ ಮಹತ್ವವಿರುವ ವಸ್ತು 1972ರ ಪುರಾತನ ವಸ್ತುಗಳ ಕಾಯ್ದೆಯಡಿ ಬರುತ್ತದೆ, ಅಂಥದನ್ನು ಖಾಸಗಿಯವರು ಹೊರದೇಶಕ್ಕೆ ಕಳಿಸುವಂತಿಲ್ಲ. ಮೊದಲ ಮಹಾಯುದ್ಧದ ಕಾಲದ ಗಡಿಯಾರ ಇರುವವರು ಇದನ್ನು ವಿಚಾರಿಸಿಯೇ ಮುಂದುವರಿಯಬೇಕು.

ವ್ಯವಹಾರ ಮುಗಿಸಲು ಒಳ್ಳೆಯ ಜಾಗ ನಿಮ್ಮ ಬ್ಯಾಂಕ್ ಶಾಖೆ. ಮನೆಗೆ ಕರೆಯಬೇಡಿ, ಲಾಡ್ಜ್ ರೂಮಿಗೆ ಹೋಗಬೇಡಿ. ವಾಚಿನ ಹಿಂಬದಿ ತೆಗೆಸಿ ನೋಡಬೇಕು ಅಂದರೆ ಇಬ್ಬರಿಗೂ ಒಪ್ಪಿಗೆಯಾದ ಕಾರಿಗರ ಹತ್ತಿರ, ನಿಮ್ಮ ಕಣ್ಣೆದುರೇ ಆಗಲಿ. ಹಣ ಬಂದಿದೆ ಅನ್ನುವ ಮೆಸೇಜು, ಅವರು ತೋರಿಸುವ ಸ್ಕ್ರೀನ್‌ಶಾಟ್ ಯಾವುದನ್ನೂ ನಂಬಬೇಡಿ. ನಿಮ್ಮ ಖಾತೆಯಲ್ಲಿ ನೀವೇ ನೋಡಿ, ಬೇಕಾದರೆ ಕೌಂಟರಿನಲ್ಲಿ ಕೇಳಿ. ದೊಡ್ಡ ಮೊತ್ತವನ್ನು ಖಾತೆಯಿಂದ ಖಾತೆಗೆ ಕಳಿಸುವ ಆರ್‌ಟಿಜಿಎಸ್ 2020ರ ಡಿಸೆಂಬರ್‌ನಿಂದ ದಿನದ 24 ಗಂಟೆಯೂ ನಡೆಯುತ್ತದೆ, ಹಾಗಾಗಿ 'ನಾಳೆ ಬರತೈತ್ರಿ, ವಾಚು ಈಗ ಕೊಡ್ರಿ' ಅನ್ನುವ ಮಾತಿಗೆ ಜಾಗವಿಲ್ಲ. ಕೊರಿಯರ್‌ನಲ್ಲೇ ಕಳಿಸಬೇಕಾದರೆ ವಿಮೆಯ ಷರತ್ತುಗಳಲ್ಲಿ ವಾಚು ಸೇರಿದೆಯಾ ಅಂತ ಮೊದಲು ಓದಿ, ಪ್ಯಾಕ್ ಮಾಡುವುದನ್ನು ಶುರುವಿನಿಂದ ಕೊನೆಯವರೆಗೆ ವಿಡಿಯೋ ಮಾಡಿ.

ಕೊನೆಗೆ ಒಂದು ಮಾರಾಟ ಪತ್ರ. ಇಬ್ಬರ ಹೆಸರು, ವಿಳಾಸ, ಪ್ಯಾನ್ ಸಂಖ್ಯೆ, ವಾಚಿನ ಮಾದರಿ ಮತ್ತು ಸೀರಿಯಲ್ ಸಂಖ್ಯೆ, ಬೆಲೆ, ಹಣ ಬಂದ ವಹಿವಾಟಿನ ಸಂಖ್ಯೆ ಅದರಲ್ಲಿರಲಿ. ಜೊತೆಗೆ ಕೊಟ್ಟ ಡಬ್ಬಿ, ಬಿಲ್ಲು, ಹಳೆಯ ಭಾಗಗಳನ್ನು ಒಂದೊಂದಾಗಿ ಬರೆಯಿರಿ. ನಿಮಗೆ ಗೊತ್ತಿದ್ದ ಕುಂದುಗಳನ್ನೂ ಬರೆಯಿರಿ, ನಾಳೆ 'ಹೇಳಿರಲಿಲ್ಲ' ಅನ್ನುವ ಜಗಳ ಬರುವುದಿಲ್ಲ. ಎರಡು ಪ್ರತಿ ಮಾಡಿ, ಇಬ್ಬರೂ ಸಹಿ ಹಾಕಿ, ನಿಮ್ಮ ಪ್ರತಿಯನ್ನು ಮನೆಯವರ ಒಪ್ಪಿಗೆ ಪತ್ರ ಮತ್ತು ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆ ಒಂದೇ ಫೈಲಿನಲ್ಲಿಡಿ. ಅಜ್ಜನ ಆ ಹಳೆಯ ಫೋಟೋದ ಮೂಲ ಪ್ರತಿ ನಿಮ್ಮ ಹತ್ತಿರವೇ ಇರಲಿ, ಕೊಳ್ಳುವವರಿಗೆ ಒಳ್ಳೆಯ ನಕಲು ತೆಗೆಸಿ ಕೊಟ್ಟರೆ ಸಾಕು.